ಮಗನ ಗೇಮಿಂಗ್ ಕಂಪ್ಯೂಟರ್, ಅಮ್ಮನ ಲೆಕ್ಕದ ಪುಸ್ತಕ

"ಸೆಕೆಂಡ್ ಪಿಯುಸಿಯಲ್ಲಿ ತೊಂಬತ್ತು ದಾಟಿಸು, ಒಳ್ಳೇ ಕಂಪ್ಯೂಟರ್ ಕೊಡಿಸ್ತೀನಿ." ಸಾರಿಗೆ ಒಗ್ಗರಣೆ ಹಾಕುತ್ತಾ ನಾನು ಆಡಿದ್ದ ಮಾತಿದು. ನಾನು ಮರೆತಿದ್ದೆ. ಮಗ ಮರೆತಿರಲಿಲ್ಲ. 2025ರ ಏಪ್ರಿಲ್‌ನಲ್ಲಿ ಫಲಿತಾಂಶ ಬಂದ ದಿನ ಮೊಬೈಲನ್ನು ನನ್ನ ಮುಖದ ಮುಂದೆ ಹಿಡಿದ. ಶೇ 92. "ಅಮ್ಮಾ, ಏನೋ ಹೇಳಿದ್ದೆ, ನೆನಪಿದೆಯಾ?"

ನೆನಪಾಯಿತು. ಜೊತೆಗೆ ಇನ್ನೊಂದೂ ನೆನಪಾಯಿತು. ಹಿಂದಿನ ಮಳೆಗಾಲದಲ್ಲಿ ನಮ್ಮ ಮನೆಯ ತಾರಸಿ ಸೋರಿ, ನಡುಮನೆಯಲ್ಲಿ ಎರಡು ಬಕೆಟ್ ಇಟ್ಟುಕೊಂಡು ಕೂತಿದ್ದೆವು. ಗಾರೆ ಮೇಸ್ತ್ರಿ 40 ಸಾವಿರ ಆಗುತ್ತೆ ಅಂದಿದ್ದ. ಕೈಯಲ್ಲಿದ್ದದ್ದು ಚೀಟಿ ಎತ್ತಿದ 80 ಸಾವಿರ ಮಾತ್ರ. ನಾನು ತುಮಕೂರಿನಲ್ಲಿ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವಳು, ಯಜಮಾನರದ್ದು ಮೋಟಾರ್ ವೈಂಡಿಂಗ್ ಅಂಗಡಿ. ಇಬ್ಬರಿಗೂ ಗೇಮಿಂಗ್ ಅಂದರೆ ಏನೂ ಗೊತ್ತಿಲ್ಲ. ಆದರೆ ಲೆಕ್ಕ ಗೊತ್ತು. ಹಾಗಾಗಿ ಸಂಘದ ಹಳೇ ಲೆಜರೊಂದನ್ನು ತಂದು ಮೂರು ಕಾಲಂ ಎಳೆದೆ: ಇರೋದನ್ನೇ ಸುಧಾರಿಸೋದು, ಬಿಡಿಭಾಗ ತಂದು ಹೊಸದು ಜೋಡಿಸೋದು, ರೆಡಿಮೇಡ್ ಕೊಳ್ಳೋದು.

ಮೂರು ಕಾಲಂ

ರೆಡಿಮೇಡ್ ಕಾಲಂ ಮೊದಲು ತುಂಬಿತು. ಗೇಮಿಂಗ್ ಲ್ಯಾಪ್‌ಟಾಪ್‌ಗೆ ಅಂಗಡಿಯವರು 78 ಸಾವಿರ ಹೇಳಿದರು. ಆನ್‌ಲೈನ್‌ನಲ್ಲಿ ಮಾತ್ರ ಒಂದು ಡೆಸ್ಕ್‌ಟಾಪ್ ಕಣ್ಣು ಕುಕ್ಕುತ್ತಿತ್ತು. ಗಾಜಿನ ಪೆಟ್ಟಿಗೆ, ಒಳಗೆ ದೀಪಾವಳಿ ಸರದ ಹಾಗೆ ಬಣ್ಣದ ಲೈಟು, "ಐ7 ಗೇಮಿಂಗ್ ಪಿಸಿ, 16 ಜಿಬಿ ರ‍್ಯಾಮ್", ಬೆಲೆ ಬರೀ 24 ಸಾವಿರ. "ಇದನ್ನೇ ತಗೊಳ್ಳೋಣ ಕಣೋ, ತಾರಸಿಗೂ ದುಡ್ಡು ಉಳಿಯುತ್ತೆ" ಅನ್ನೋದು ನಾಲಿಗೆ ತುದಿಗೆ ಬಂದಿತ್ತು. ಮಗ ಕೆಳಗಿದ್ದ ಸಣ್ಣ ಅಕ್ಷರ ಓದಿ ನಕ್ಕುಬಿಟ್ಟ. ಐ7 ಹೌದು, ಆದರೆ ಮೂರನೇ ತಲೆಮಾರಿನದು, ಅಂದರೆ 2012ರ ಪ್ರೊಸೆಸರ್. ಗ್ರಾಫಿಕ್ಸ್ ಕಾರ್ಡ್ ಜಿಟಿ 730, ಅದು 2014ರದ್ದು. ಹಳೇ ಆಫೀಸ್ ಕಂಪ್ಯೂಟರಿಗೆ ಹೊಸ ಅಂಗಿ ತೊಡಿಸಿದ್ದರು ಅಷ್ಟೆ. ಐ5, ಐ7 ಅನ್ನೋದು ದರ್ಜೆ ಮಾತ್ರ, ಅದರ ಮುಂದಿನ ಅಂಕಿಯಲ್ಲಿ ವಯಸ್ಸು ಇರುತ್ತೆ ಅನ್ನೋದು ನನಗೆ ಅವತ್ತು ಗೊತ್ತಾಯಿತು. ದನದ ಜಾತ್ರೆಯಲ್ಲಿ ಹಲ್ಲು ನೋಡದೆ ಎತ್ತು ಕೊಳ್ಳುತ್ತೀವಾ?

ಹೊಸದಾಗಿ ಜೋಡಿಸುವ ಕಾಲಂ ಮಗನೇ ತುಂಬಿದ. ಪ್ರೊಸೆಸರ್ 17,000, ಮದರ್‌ಬೋರ್ಡ್ 12,000, 16 ಜಿಬಿ ಡಿಡಿಆರ್5 ರ‍್ಯಾಮ್ 5,000, ಗ್ರಾಫಿಕ್ಸ್ ಕಾರ್ಡ್ 31,000, ಎಸ್‌ಎಸ್‌ಡಿ 5,600, ಎಸ್‌ಎಂಪಿಎಸ್ 5,500, ಕ್ಯಾಬಿನೆಟ್ 4,500. ಒಟ್ಟು 80,600 ರೂಪಾಯಿ. ಮಾನಿಟರ್, ಕೀಬೋರ್ಡ್ ಹಳೆಯವೇ. ಚೀಟಿ ದುಡ್ಡು ಪೂರ್ತಿ ಹಾಕಿದರೂ ಆರುನೂರು ಕಡಿಮೆ.

ಮೊದಲ ಕಾಲಂ ಖಾಲಿಯೇ ಇತ್ತು. ಹಳೇದನ್ನು ರಿಪೇರಿ ಮಾಡಿಸೋದು ಮಗನಿಗೆ ಅವಮಾನದ ಹಾಗೆ ಕಂಡಿತ್ತು.

ಬಿಟ್ಟುಕೊಟ್ಟದ್ದು ಬೇಡ ಅಂದೆ

ತಾರಸಿಯ ವಿಷಯ ಅವನಿಗೆ ಹೇಳಿರಲಿಲ್ಲ. ಕೊಟ್ಟ ಮಾತಿಗೆ ತಾರಸಿ ಯಾಕೆ ಅಡ್ಡ ಬರಬೇಕು ಅನ್ನೋದು ಯಜಮಾನರ ವಾದ. "ಈ ಸಲವೂ ಬಕೆಟ್ ಇಡೋಣ ಬಿಡೇ" ಅಂದಿದ್ದರು. ಆದರೆ ಮೇಸ್ತ್ರಿ ಬರೆದುಕೊಟ್ಟಿದ್ದ ಅಂದಾಜಿನ ಚೀಟಿ ಅದೇ ಲೆಜರಿನಲ್ಲಿತ್ತು. ಒಂದು ರಾತ್ರಿ ಮಗ ಅದನ್ನು ನೋಡಿದ. ಬೆಳಿಗ್ಗೆ ನಾನು ಪುಸ್ತಕ ತೆರೆದರೆ ಎರಡನೇ ಕಾಲಂ ಪೂರ್ತಿ ಅಡ್ಡಗೆರೆ. "ಬೇಡ ಬಿಡಮ್ಮಾ, ಹಳೇದರಲ್ಲೇ ಆಡ್ತೀನಿ."

ಕರುಳು ಚುರುಕ್ ಅಂದಿತು. ಖುಷಿಯೂ ಆಯಿತು, ಸುಳ್ಳು ಹೇಳಲ್ಲ. ಆದರೆ ಯೋಚಿಸಿದಾಗ ಅದು ಸರಿ ಕಾಣಲಿಲ್ಲ. ಮನೆಯ ಕಷ್ಟಕ್ಕೆ ನನ್ನದನ್ನು ಬಿಟ್ಟುಕೊಟ್ಟೆ ಅನ್ನೋದು ಮಕ್ಕಳ ಮನಸ್ಸಿನಲ್ಲಿ ಬಹಳ ವರ್ಷ ಉಳಿಯುತ್ತೆ. ನಮ್ಮಪ್ಪ ಕೊಡಿಸದೆ ಹೋದ ಸೈಕಲ್ ನನಗೆ ಇವತ್ತಿಗೂ ನೆನಪಿದೆ. ಅದಕ್ಕೇ ಅಂದೆ, "ತಾರಸಿ ನಮ್ಮ ತಲೆನೋವು, ಅದನ್ನ ನಮಗೆ ಬಿಡು. ನಿನಗೆ ಏನು ಆಡ್ಬೇಕು, ಈ ಕಂಪ್ಯೂಟರಿನಲ್ಲಿ ಅದು ಯಾಕೆ ಆಗ್ತಿಲ್ಲ, ಅದನ್ನ ಮೊದಲು ಬರಿ. ಹಳೇದಕ್ಕೆ ಖರ್ಚು ಮಾಡಿದರೆ ನಿನಗೆ ಬೇಕಾದ್ದು ಸಿಗಲ್ಲ ಅಂತಾದರೆ ಹೊಸದೇ ತರೋಣ."

ಎಲ್ಲಿ ಕುಂಟುತ್ತಿದೆ?

ಅವನಿಗೆ ಆಡಬೇಕಿದ್ದದ್ದು 'ಸೈಬರ್‌ಪಂಕ್ 2077'. ಗೇಮ್ ಮಾಡಿದವರೇ ಕನಿಷ್ಠ ಏನೇನು ಬೇಕು ಅಂತ ಪಟ್ಟಿ ಕೊಟ್ಟಿರುತ್ತಾರೆ. 2023ರಲ್ಲಿ ಆ ಪಟ್ಟಿ ಪರಿಷ್ಕಾರವಾಗಿದೆ: ರೈಜನ್ 5 1600 ಅಥವಾ ಐ7 6700 ಪ್ರೊಸೆಸರ್, 12 ಜಿಬಿ ರ‍್ಯಾಮ್, 6 ಜಿಬಿಯ ಜಿಟಿಎಕ್ಸ್ 1060 ಕಾರ್ಡ್, ಗೇಮ್ ಇಡಲು ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ.

ನಮ್ಮದು 2019ರಲ್ಲಿ ಕೊಂಡದ್ದು. ರೈಜನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿ ರ‍್ಯಾಮ್, 4 ಜಿಬಿಯ ಜಿಟಿಎಕ್ಸ್ 1050 ಟಿಐ, 1 ಟಿಬಿ ಹಾರ್ಡ್ ಡಿಸ್ಕ್. ಎರಡು ಪಟ್ಟಿಯನ್ನೂ ಅಕ್ಕಪಕ್ಕ ಬರೆದು ನಾನು ಟಿಕ್ ಹಾಕುತ್ತಾ ಹೋದೆ. ರ‍್ಯಾಮ್ ಫೇಲು, ಕಾರ್ಡ್ ಫೇಲು, ಡಿಸ್ಕ್ ಫೇಲು. ಪ್ರೊಸೆಸರ್ ಮಾತ್ರ ಪಾಸು!

ಮಗನಿಗೆ ನಂಬಿಕೆ ಬರಲಿಲ್ಲ. ಕಂಪ್ಯೂಟರಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ಬೇರೊಂದು ಗೇಮ್ ಓಡಿಸಿ ನೋಡಿದ. ಯಾವ ಭಾಗ ಎಷ್ಟು ದುಡಿಯುತ್ತಿದೆ ಅಂತ ಅದರಲ್ಲಿ ಶೇಕಡಾದಲ್ಲಿ ಕಾಣುತ್ತೆ. ಡಿಸ್ಕ್ ನೂರು, ಗ್ರಾಫಿಕ್ಸ್ ಕಾರ್ಡ್ ಹೆಚ್ಚುಕಡಿಮೆ ನೂರು, ಮೆಮೊರಿ ತೊಂಬತ್ತರ ಮೇಲೆ, ಪ್ರೊಸೆಸರ್ ಐವತ್ತರ ಆಸುಪಾಸು. ಮೂರು ಜನ ಏದುಸಿರು ಬಿಡುತ್ತಿದ್ದರೆ ನಾಲ್ಕನೆಯವನು ಆರಾಮಾಗಿ ಕೂತಿದ್ದ. ಹೊಸದು ಕೊಂಡಿದ್ದರೆ ಆ ಆರಾಮದವನನ್ನೂ, ಅವನು ಕೂತ ಮದರ್‌ಬೋರ್ಡನ್ನೂ ಆಚೆ ಹಾಕುತ್ತಿದ್ದೆವು. ಬರೀ ಅವೆರಡಕ್ಕೇ 29 ಸಾವಿರ.

ನಮ್ಮ ಮಾನಿಟರ್ 60 ಹರ್ಟ್ಜ್‌ನದು. ಅಂದರೆ ಸೆಕೆಂಡಿಗೆ 60 ಚಿತ್ರ ಮಾತ್ರ ತೋರಿಸಬಲ್ಲದು. ದುಬಾರಿ ಕಾರ್ಡ್ ನೂರಿಪ್ಪತ್ತು ಚಿತ್ರ ಬಿಡಿಸಿಕೊಟ್ಟರೂ ಅದು ತೋರಿಸೋದು ಅಷ್ಟೇ. ಹಾಗಾಗಿ 1080ಪಿಯಲ್ಲಿ 60ರ ಹತ್ತಿರ ಹೋದರೆ ಸಾಕು ಅಂತ ಮಗನೇ ಒಪ್ಪಿದ. ಮೊದಲ ಕಾಲಂ ತುಂಬತೊಡಗಿತು.

ಎಸ್‌ಪಿ ರೋಡಿನಲ್ಲಿ ಒಂದು ಶನಿವಾರ

ಜೂನ್‌ನಲ್ಲಿ ಅಪ್ಪ, ಮಗ, ನಾನು ಮೂವರೂ ಬೆಂಗಳೂರಿನ ರೈಲು ಹತ್ತಿದೆವು. ಮೆಜೆಸ್ಟಿಕ್‌ನಿಂದ ಮೆಟ್ರೊದಲ್ಲಿ ಒಂದೇ ಸ್ಟೇಷನ್ ಚಿಕ್ಕಪೇಟೆ, ಅಲ್ಲಿಂದ ನಡೆದರೆ ಎಸ್‌ಪಿ ರೋಡ್. ಕಂಪ್ಯೂಟರ್ ಬಿಡಿಭಾಗಗಳಿಗೆ ಹೆಸರಾದ ಬೀದಿ. ಕೈಗಾಡಿ, ಸ್ಕೂಟರ್, ರಟ್ಟಿನ ಪೆಟ್ಟಿಗೆ ಹೊತ್ತ ಹುಡುಗರ ನಡುವೆ ದಾರಿ ಮಾಡಿಕೊಂಡು ನಾಲ್ಕು ಅಂಗಡಿ ಹೊಕ್ಕೆವು. ಬೆಲೆ ಬರೆಸಿಕೊಂಡೆವೇ ಹೊರತು ಮೊದಲ ಅಂಗಡಿಯಲ್ಲಿ ಏನನ್ನೂ ಕೊಳ್ಳಲಿಲ್ಲ. ರೇಷ್ಮೆ ಸೀರೆ ಕೊಳ್ಳುವಾಗ ಹೇಗೋ ಹಾಗೆ.

ಒಂದು ಕಡೆ "ಬಿಲ್ ಬೇಡ ಅಂದ್ರೆ ಎರಡು ಸಾವಿರ ಕಮ್ಮಿ ಮಾಡ್ತೀನಿ ಮೇಡಂ" ಅಂದರು. ಬಿಲ್ ಇಲ್ಲದಿದ್ದರೆ ಮುಂದೆ ವಾರಂಟಿ ಕೇಳೋಕೆ ಬಾಯಿರಲ್ಲ. ಲೆಕ್ಕ ಬರೆಯುವವಳು ಬಿಲ್ ಬಿಡುತ್ತೀನಾ? ಇನ್ನೊಂದು ಕಡೆ ಅದೇ ಕಾರ್ಡ್ ಸೆಕೆಂಡ್‌ಹ್ಯಾಂಡ್ ಅರ್ಧ ಬೆಲೆಗಿತ್ತು. ಕ್ರಿಪ್ಟೊ ಮೈನಿಂಗ್ ಜೋರಾಗಿದ್ದ ಕಾಲದಲ್ಲಿ ಹಗಲೂ ರಾತ್ರಿ ದುಡಿದ ಕಾರ್ಡುಗಳೂ ಹೀಗೆ ಮಾರಾಟಕ್ಕೆ ಬರುತ್ತವೆ ಅಂತ ಮಗ ಓದಿಕೊಂಡಿದ್ದ. ವಾರಂಟಿ ಇಲ್ಲದ್ದು ಬೇಡ ಅಂತ ಮೂವರೂ ಒಪ್ಪಿದೆವು.

ಮಗ ಆರಿಸಿದ್ದು 8 ಜಿಬಿಯ ಆರ್‌ಎಕ್ಸ್ 6600 ಕಾರ್ಡ್. ದುಡ್ಡು ಎಣಿಸಬೇಕು ಅನ್ನುವಷ್ಟರಲ್ಲಿ ಅಲ್ಲೀತನಕ ಬಾಯಿ ಬಿಡದೆ ನಿಂತಿದ್ದ ಯಜಮಾನರು ಕೇಳಿದರು, "ಇದು ಎಷ್ಟು ವ್ಯಾಟ್ ಎಳೆಯುತ್ತೆ?" 132 ವ್ಯಾಟ್ ಅಂದರು ಅಂಗಡಿಯವರು. "ಹಳೇದು?" ಅದು 75. ನಮ್ಮ ಹಳೇ ಕಾರ್ಡಿಗೆ ಮದರ್‌ಬೋರ್ಡಿನಿಂದ ಬರುವ ಕರೆಂಟೇ ಸಾಕಾಗುತ್ತಿತ್ತು. ಹೊಸದಕ್ಕೆ ಎಸ್‌ಎಂಪಿಎಸ್‌ನಿಂದ ಎಂಟು ಪಿನ್ನಿನ ಪ್ರತ್ಯೇಕ ವೈರ್ ಬೇಕು. ಆರು ವರ್ಷದ ಹಿಂದೆ ಅಗ್ಗದಲ್ಲಿ ಹಾಕಿಸಿದ್ದ ನಮ್ಮ ಎಸ್‌ಎಂಪಿಎಸ್‌ನಲ್ಲಿ ಆ ವೈರೇ ಇರಲಿಲ್ಲ. "ಮೋಟಾರ್ ದೊಡ್ಡದು ಹಾಕಿ ಸ್ಟಾರ್ಟರ್ ಹಳೇದೇ ಇಟ್ರೆ ಏನಾಗುತ್ತೆ ಅಂತ ನನ್ನ ಅಂಗಡೀಲಿ ದಿನಾ ನೋಡ್ತೀನಿ" ಅಂದರು. 550 ವ್ಯಾಟ್‌ನ ಒಳ್ಳೆಯದೊಂದು ಸೇರಿತು. ಅಪ್ಪನಿಗೂ ಇದು ಅರ್ಥವಾಗುತ್ತೆ ಅಂತ ಮಗ ಅವತ್ತು ಕಂಡುಕೊಂಡ. ನನಗೆ ಕಾರ್ಡಿಗಿಂತ ಅದು ಹೆಚ್ಚು ಅನ್ನಿಸಿತು.

ಒಟ್ಟು ಲೆಕ್ಕ ಹೀಗಾಯಿತು: ಕಾರ್ಡ್ 20,500, ಎಸ್‌ಎಸ್‌ಡಿ 5,600, ಎಸ್‌ಎಂಪಿಎಸ್ 4,300, ಇದ್ದ ರ‍್ಯಾಮ್ ಜೊತೆ ಕೂರಿಸಲು ಅದೇ ವೇಗದ ಇನ್ನೊಂದು 8 ಜಿಬಿ 1,900. ಮೊತ್ತ 32,300. ಹೊಸದಕ್ಕೆ ಹೋಲಿಸಿದರೆ 48,300 ಉಳಿಯಿತು.

ನೋ ಸಿಗ್ನಲ್

ಊರಿಗೆ ಬಂದ ಮೇಲೆ ಮೊದಲು ಮಾಡಿದ್ದು ಮನೆಯ ಹಳೇ ಫೋಟೊಗಳನ್ನೆಲ್ಲ ಬೇರೆ ಡ್ರೈವಿಗೆ ಹಾಕಿದ್ದು. ಈ ಕೆಲಸಕ್ಕೆ ಕೈ ಹಾಕುವವರು ಇದನ್ನು ಮರೆಯಬೇಡಿ. ಭಾನುವಾರ ಟೇಬಲ್ ಮೇಲೆ ಹಳೇ ಪಂಚೆ ಹಾಸಿ ಅಪ್ಪ ಮಗ ಕೂತರು. ಎರಡು ಗಂಟೆಯ ನಂತರ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗಿತು, ಮಾನಿಟರಿನಲ್ಲಿ ಮಾತ್ರ "ನೋ ಸಿಗ್ನಲ್". ಬಿಚ್ಚಿದರು, ಕೂರಿಸಿದರು, ಮತ್ತೆ ಅದೇ. ಮಗನ ಮುಖ ಸಣ್ಣಗಾಯಿತು. ನಾನು ಒಳಗೆ ಹೋಗಿ ದೇವರಿಗೆ ಕೈ ಮುಗಿದು ಬಂದೆ.

ಮುಕ್ಕಾಲು ಗಂಟೆಯಾದ ಮೇಲೆ ಯಜಮಾನರು ಹಿಂದೆ ಬಗ್ಗಿ ನೋಡಿ, "ಇಂಥದೇ ತೂತು ಕೆಳಗಡೆ ಇನ್ನೊಂದಿದೆಯಲ್ಲೋ, ಅದಕ್ಕೆ ಹಾಕಿ ನೋಡು" ಅಂದರು. ವೈರನ್ನು ಮದರ್‌ಬೋರ್ಡಿನ ಕಿಂಡಿಗೆ ಸಿಕ್ಕಿಸಿದ್ದ ಪುಣ್ಯಾತ್ಮ! ನಮ್ಮ ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲ, ಆದ್ದರಿಂದ ಆ ಕಿಂಡಿಯಲ್ಲಿ ಚಿತ್ರ ಬರುವುದೇ ಇಲ್ಲ. ಕಾರ್ಡಿನ ಕಿಂಡಿಗೆ ಹಾಕಿದ್ದೇ ಪರದೆ ಬೆಳಗಿತು.

ಈಗ ಆ ಗೇಮ್ ಮೀಡಿಯಂ ಸೆಟ್ಟಿಂಗಿನಲ್ಲಿ 50ರಿಂದ 60 ಫ್ರೇಮ್ ಓಡುತ್ತೆ. ಎಲ್ಲವನ್ನೂ ಗರಿಷ್ಠಕ್ಕೆ ಇಡೋಕಾಗಲ್ಲ, ರೇ ಟ್ರೇಸಿಂಗ್ ಅನ್ನುವ ಬೆಳಕಿನಾಟವೂ ನಡೆಯಲ್ಲ. ಇವೆರಡೂ ಆಗಲ್ಲ ಅಂತ ಮೊದಲೇ ಲೆಜರಿನಲ್ಲಿ ಬರೆದುಕೊಂಡಿದ್ದೆವು, ಹಾಗಾಗಿ ಯಾರಿಗೂ ಮೋಸ ಆದಂತೆ ಅನ್ನಿಸಲಿಲ್ಲ. ಜುಲೈಗೆ ಮೊದಲು ತಾರಸಿಯೂ ಮುಗಿಯಿತು.

ನಿಮ್ಮ ಮನೆಯಲ್ಲೂ ಇದೇ ಚರ್ಚೆಯಾ?

ನಮಗೆ ಸರಿಹೋದದ್ದು ಎಲ್ಲರಿಗೂ ಸರಿಹೋಗಬೇಕೆಂದಿಲ್ಲ. ನಾನು ಕಲಿತದ್ದನ್ನು ಹೇಳುತ್ತೇನೆ.

ಮೊದಲು ಪ್ರೊಸೆಸರಿನ ವಯಸ್ಸು ನೋಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರು, ರೈಜನ್ ಆದರೆ 2000 ಸರಣಿ ಅಥವಾ ಅದರ ನಂತರದ್ದು ಬೇಕು. ನಿಮ್ಮದು ಅದಕ್ಕಿಂತ ಹಳೆಯದಾದರೆ ಅದರ ಮೇಲೆ ದುಡ್ಡು ಸುರಿಯಬೇಡಿ, ಹೊಸದನ್ನೇ ಜೋಡಿಸಿ. ರ‍್ಯಾಮ್ ಕೊಳ್ಳುವಾಗ ಡಿಡಿಆರ್4 ಬೋರ್ಡಿನಲ್ಲಿ ಡಿಡಿಆರ್5 ಕೂರುವುದಿಲ್ಲ ಅನ್ನೋದು ನೆನಪಿರಲಿ. ಹೊಸ ಕಾರ್ಡಿನ ಉದ್ದ ನಿಮ್ಮ ಕ್ಯಾಬಿನೆಟ್ಟಿಗೆ ಹಿಡಿಸುತ್ತಾ ಅಂತ ಟೇಪ್ ಹಿಡಿದು ಅಳೆಯಿರಿ.

ಮನೆಯಲ್ಲಿ ಬಿಚ್ಚಿ ಜೋಡಿಸುವ ಧೈರ್ಯದವರು ಯಾರೂ ಇಲ್ಲವಾ? ರೆಡಿಮೇಡ್ ತಪ್ಪಲ್ಲ. ಕೆಟ್ಟರೆ ಒಬ್ಬರನ್ನೇ ಕೇಳಿದರಾಯಿತು, ಬಿಡಿಭಾಗ ಕೊಂಡರೆ ಒಂದೊಂದಕ್ಕೆ ಒಂದೊಂದು ವಾರಂಟಿ. ಆದರೆ ಒಳಗಿನ ಪ್ರತಿ ಭಾಗದ ಹೆಸರು ಮತ್ತು ನಂಬರ್ ಬರೆಸಿಕೊಳ್ಳಿ. ಮಗ ಅಥವಾ ಮಗಳು ಹಾಸ್ಟೆಲಿಗೆ ಹೋಗುವವರಾದರೆ ಡೆಸ್ಕ್‌ಟಾಪಿನ ಮಾತೇ ಬೇಡ, ಲ್ಯಾಪ್‌ಟಾಪೇ ಸರಿ. ನಮ್ಮವನಿಗೆ ಊರಲ್ಲೇ ಸೀಟು ಸಿಕ್ಕಿತು, ಬಚಾವಾದೆವು. ಇಲ್ಲಿರುವ ಬೆಲೆಗಳೆಲ್ಲ ನಾವು ಕೊಂಡ ದಿನದವು. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದಾಗಿ ರ‍್ಯಾಮ್ ಬೆಲೆ ವಿಪರೀತ ಏರಿದೆ. ಹಾಗಾಗಿ ಹೊರಡುವ ದಿನವೇ ವಿಚಾರಿಸಿ.

ಮತ್ತೊಂದು ಮಾತು, ಅಮ್ಮಂದಿರಿಗೆ. ಒಗ್ಗರಣೆ ಹಾಕುವಾಗ ಮಕ್ಕಳು ಏನಾದರೂ ಕೇಳಿದರೆ, ಸಾರು ಕೆಳಗಿಳಿಸಿದ ಮೇಲೆ ಉತ್ತರ ಕೊಡಿ.