ಕೂಡಗಿಯ ಬೂದಿ

ತಿಕೋಟಾ, ಬಬಲೇಶ್ವರದ ಕಡೆಯಿಂದ ವಿಜಯಪುರ ನಗರದ ಕಾಲೇಜುಗಳಿಗೆ ಬರುವ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಯೊಂದುಂಟು: ಕೂಡಗಿಯ ಬೂದಿಯಲ್ಲಿ ಅಣುವಿಕಿರಣವಿದೆಯಂತೆ, ಅದು ನಮ್ಮ ದ್ರಾಕ್ಷಿತೋಟಕ್ಕೂ ತಗಲೀತೇ? ಅಲ್ಲಿನ ಶಾಖವಿದ್ಯುತ್ ಸ್ಥಾವರವನ್ನು ವಿರೋಧಿಸಿ 2014ರ ಜುಲೈ ತಿಂಗಳಿನಲ್ಲಿ ರೈತರು ಚಳವಳಿ ಹೂಡಿದಾಗ ಪೋಲೀಸರು ಗುಂಡು ಹಾರಿಸಿದ್ದರು. ಇಂತಹ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ನಾವು ಲೆಕ್ಕ ಹಾಕಿಯೇ ನೋಡೋಣ.

ವದಂತಿಗೆ ಮೂಲವುಂಟು. ಕಲ್ಲಿದ್ದಲ ಸ್ಥಾವರದ ಹೊಗೆಯಿಂದ ನೆರೆಯವರಿಗೆ ತಗಲುವ ವಿಕಿರಣವು ಪರಮಾಣು ಸ್ಥಾವರದಿಂದ ತಗಲುವುದಕ್ಕಿಂತ ಹೆಚ್ಚಾಗಿರಬಹುದೆಂದು 1978ರಲ್ಲಿ ಅಮೆರಿಕದ ಓಕ್ ರಿಡ್ಜ್ ಪ್ರಯೋಗಶಾಲೆಯ ವಿಜ್ಞಾನಿಗಳು ತೋರಿಸಿದರು. ಎರಡೂ ಅತ್ಯಲ್ಪವೆಂಬ ಉತ್ತರಾರ್ಧ ಮಾತ್ರ ಜನರ ಬಾಯಿಂದ ಬಾಯಿಗೆ ಸಾಗುವಾಗ ಉದುರಿಹೋಯಿತು! ಹತ್ತು ಲಕ್ಷ ಪಾಲು ಕಲ್ಲಿದ್ದಲಿನಲ್ಲಿ ಯುರೇನಿಯಂ ಸುಮಾರು ಎರಡು ಪಾಲು. ಇದ್ದಲು ಉರಿದು ಮೂರನೆಯ ಒಂದು ಭಾಗ ಬೂದಿಯಾಗಿ ಉಳಿದರೆ ಅದು ಆರು ಪಾಲಾಗುತ್ತದೆ. ಗ್ರಾನೈಟ್ ಬಂಡೆಯಲ್ಲಿ ಸಾಮಾನ್ಯವಾಗಿ ನಾಲ್ಕು ಪಾಲಿನಷ್ಟಿರುತ್ತದೆ. ಹಂಪೆಯ ಬಂಡೆಗಳ ಮೇಲೆ ಕುಳಿತು ಬುತ್ತಿ ಉಣ್ಣಲು ಯಾರೂ ಅಂಜುವುದಿಲ್ಲವಷ್ಟೆ.

ಹಾಗಾದರೆ ಅಂಜಲು ಕಾರಣವೇ ಇಲ್ಲವೇ? ಇದೆ, ಬೇರೆಡೆಯಲ್ಲಿದೆ. ಸ್ಥಾವರದ ಸಾಮರ್ಥ್ಯ 2,400 ಮೆಗಾವಾಟ್, ಎಂದರೆ ಸೆಕೆಂಡಿಗೆ 2,400 ಮೆಗಾಜೌಲ್. ಕಿಲೋಗ್ರಾಂ ಇದ್ದಲಿನ 16 ಮೆಗಾಜೌಲ್ ಶಾಖದಲ್ಲಿ ಶೇಕಡಾ 40ರಷ್ಟು ವಿದ್ಯುತ್ತಾಗುವುದೆಂದು ಹಿಡಿದರೆ ಸೆಕೆಂಡಿಗೆ 375 ಕಿಲೋಗ್ರಾಂ ಇದ್ದಲು ಬೇಕು. ಪೂರ್ಣ ಸಾಮರ್ಥ್ಯದಲ್ಲಿ ನಡೆದರೆ ದಿನಕ್ಕೆ ಸುಮಾರು 32,000 ಟನ್ನು; ಬೂದಿ ಸುಮಾರು 11,000 ಟನ್ನು. ಇದರಲ್ಲಿ 9,000 ಟನ್ನಿನಷ್ಟು ಹೊಗೆಯೊಡನೆ ಹಾರುವ ನಯವಾದ ಪುಡಿ. ಅದನ್ನು ಹಿಡಿಯಲು ಹೊಗೆಯ ಹಾದಿಯಲ್ಲಿ ಸಹಸ್ರಾರು ವೋಲ್ಟುಗಳ ತಂತಿಗಳನ್ನು ತೂಗುಬಿಟ್ಟಿರುತ್ತಾರೆ. ಕಣಗಳು ವಿದ್ಯುದಾವೇಶ ಹೊಂದಿ ಎದುರಿನ ಲೋಹದ ತಗಡುಗಳಿಗೆ ಅಂಟುತ್ತವೆ. ಈ ಸಾಧನ ಶೇಕಡಾ 99.9ರಷ್ಟನ್ನು ಹಿಡಿದರೆ ಹೊರಬೀಳುವುದು 9 ಟನ್ನು. ಶೇಕಡಾ 99 ಆದರೆ 90 ಟನ್ನು. ಕೇಳಲು ಅಲ್ಪವಾದ ಈ ವ್ಯತ್ಯಾಸದಲ್ಲಿಯೇ ನೆರೆಹಳ್ಳಿಗಳ ಶ್ವಾಸಕೋಶಗಳ ಕ್ಷೇಮ ಅಡಗಿದೆ. ಆದುದರಿಂದ ಅಧಿಕಾರಿಗಳನ್ನು ಕೇಳಬೇಕಾದುದು ವಿಕಿರಣದ ಮಾತನ್ನಲ್ಲ. ಚಿಮಣಿಯ ಧೂಳಿನ ದೈನಂದಿನ ಅಳತೆಯನ್ನು, ಬೂದಿಹೊಂಡ ಬೇಸಗೆಯಲ್ಲಿ ಒಣಗದಂತೆ ಏನು ಮಾಡುತ್ತಾರೆಂಬುದನ್ನು. ‘ಏನೂ ಅಪಾಯವಿಲ್ಲ’ ಎಂಬ ಬರಿಯ ಆಶ್ವಾಸನೆಯೂ ವದಂತಿಯಷ್ಟೇ ಅವೈಜ್ಞಾನಿಕ.

ಇನ್ನು ದ್ರಾಕ್ಷಿಯ ವಿಷಯ. ತಿಕೋಟಾ, ಬಬಲೇಶ್ವರಗಳು ಕೂಡಗಿಯ ವಾಯವ್ಯಕ್ಕೆ ದೂರದಲ್ಲಿವೆ. ಮುಂಗಾರಿನ ಪಡುವಣ ಗಾಳಿ ಬೂದಿಯನ್ನು ಅತ್ತ ತರುವುದಿಲ್ಲ. ಚಳಿಗಾಲದಲ್ಲಿ ಮೂಡಣದ ಗಾಳಿ ಬೀಸುವಾಗ ಸಂಶಯ ಬಂದವರು ಎಲೆಯ ಮೇಲಿನ ಧೂಳನ್ನು ಕಾಲೇಜಿನ ಸೂಕ್ಷ್ಮದರ್ಶಕದಡಿ ಇಟ್ಟು ನೋಡಲಿ. ಹೊಲದ ಮಣ್ಣಿನ ಕಣಗಳು ಅಂಕುಡೊಂಕಾಗಿ ಕಾಣುತ್ತವೆ. ಉರಿಯಲ್ಲಿ ಕರಗಿ ಗಾಳಿಯಲ್ಲಿ ಹೆಪ್ಪುಗಟ್ಟಿದ ಹಾರುಬೂದಿ ಬಹುಮಟ್ಟಿಗೆ ಗಾಜಿನ ಪುಟ್ಟ ಗುಂಡುಗಳಂತೆ ದುಂಡಗಿರುತ್ತದೆ.