ನೀರಿಗಿಳಿಯುವ ಮುನ್ನ ಹದಿನೈದು ನಿಮಿಷ

ಗೋಕರ್ಣಕ್ಕೆ ಹೋದವರು ಮಹಾಬಲೇಶ್ವರನ ದರ್ಶನ ಮಾಡಿ, ಕೋಟಿತೀರ್ಥ ನೋಡಿ, ಊರ ಮುಂದಿನ ಕಡಲಲ್ಲಿ ಕಾಲು ತೋಯಿಸಿಕೊಂಡು ಮರಳುವುದು ಹಿಂದಿನ ರೂಢಿ. ಈಗಿನ ಪ್ರವಾಸಿಗಳಿಗೆ ಅಷ್ಟು ಸಾಲದು. ರಜೆ ಬಂತೆಂದರೆ ಪೇಟೆಯಲ್ಲಿ ಜಾತ್ರೆಯ ಜನ. ಹಾಗಾಗಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ: 'ಜನವಿಲ್ಲದ ಬೀಚು ಯಾವುದಿದೆ?'

ಉತ್ತರ ಊರಿನ ದಕ್ಷಿಣಕ್ಕಿದೆ. ಒಂದು ಗುಡ್ಡ ಹತ್ತಿ ಇಳಿದರೆ ಕುಡ್ಲೆ ತೀರ. ಇನ್ನೊಂದನ್ನು ದಾಟಿದರೆ ಎರಡು ಅರ್ಧವೃತ್ತಗಳನ್ನು ಜೋಡಿಸಿಟ್ಟಂತಿರುವ ಓಂ ಬೀಚ್. ಅಲ್ಲಿಯವರೆಗೆ ವಾಹನ ಹೋಗುತ್ತದೆ. ಅಲ್ಲಿಂದ ಮುಂದೆ ಗುಡ್ಡದ ಅಂಚಿನ ಕಾಲುದಾರಿಯಲ್ಲಿ ಸುಮಾರು ಅರ್ಧ ಗಂಟೆ ನಡೆದರೆ ಸಿಗುವುದೇ ಹಾಫ್ ಮೂನ್. ಹೆಸರಿಗೆ ತಕ್ಕಂತೆ ಅರ್ಧಚಂದ್ರಾಕಾರದ ಪುಟ್ಟ ಕೊಲ್ಲಿ. ಎರಡೂ ಬದಿಗೆ ಬಂಡೆ, ಹಿಂದೆ ಗುಡ್ಡ, ಮುಂದೆ ಅರಬ್ಬೀ ಸಮುದ್ರ. ಅದರಾಚೆ ಪ್ಯಾರಡೈಸ್ ಬೀಚ್.

ಇಂಥ ಕಡೆ ಮಕ್ಕಳನ್ನು ಕರೆದೊಯ್ಯಬೇಕೇ ಎಂದು ಪಾಲಕರು ಕೇಳುತ್ತಾರೆ. ಖಂಡಿತ ಕರೆದೊಯ್ಯಿರಿ ಎಂದೇ ನನ್ನ ಉತ್ತರ. ಭೂಗೋಳ, ಭೌತಶಾಸ್ತ್ರ, ಜೀವಶಾಸ್ತ್ರ ಮೂರನ್ನೂ ಒಂದೇ ಕಡೆ ಕಲಿಸುವ ತರಗತಿ ಅದು. ಆದರೆ ಜನವಿಲ್ಲದ ಜಾಗ ಎಂದರೆ ಕೂಗಿದರೆ ಓಡಿಬರುವವರೂ ಇಲ್ಲದ ಜಾಗ ಎಂಬುದು ನೆನಪಿರಲಿ. ಜೀವರಕ್ಷಕರನ್ನು ನೇಮಿಸುವುದು ಜನ ಸೇರುವ ತೀರಗಳಲ್ಲಿ. ಇಂಥ ಮೂಲೆಯ ಕೊಲ್ಲಿಯಲ್ಲಿ ಅವರನ್ನು ನಿರೀಕ್ಷಿಸುವಂತಿಲ್ಲ. 2024ರ ಡಿಸೆಂಬರಿನಲ್ಲಿ ಇದೇ ಜಿಲ್ಲೆಯ ಮುರುಡೇಶ್ವರದಲ್ಲಿ, ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದಲ್ಲಿ ಮುಳುಗಿ ಸತ್ತರು. ಜನರಿದ್ದ ತೀರದಲ್ಲೇ ಹಾಗಾಯಿತೆಂದ ಮೇಲೆ ಏಕಾಂತದ ತೀರದಲ್ಲಿ ಎಚ್ಚರ ಇಮ್ಮಡಿಯಾಗಬೇಡವೇ?

ಕೊಲ್ಲಿ ಹುಟ್ಟಿದ ಬಗೆ

ಗೋಕರ್ಣದ ಗುಡ್ಡಗಳ ನೆತ್ತಿಯಲ್ಲಿ ಕಾಣುವುದು ಜಂಬಿಟ್ಟಿಗೆ. ಸ್ಕಾಟ್ಲೆಂಡಿನ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಈ ಕಲ್ಲಿಗೆ 'ಲ್ಯಾಟರೈಟ್' ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ಗುಡ್ಡದ ಬುಡದಲ್ಲಿ, ಅಲೆ ತಾಗುವ ಕಡೆ, ಕಪ್ಪಗೆ ಕಾಣುವ ಗಟ್ಟಿ ಬಂಡೆಗಳಿವೆ. ಗಟ್ಟಿ ಬಂಡೆ ಇದ್ದಲ್ಲಿ ನೆಲ ಸಮುದ್ರಕ್ಕೆ ಮೂಗು ಚಾಚಿ ನಿಂತಿದೆ. ಅದೇ ಭೂಶಿರ. ಎರಡು ಭೂಶಿರಗಳ ನಡುವೆ ಒಳಸರಿದ ಜಾಗವೇ ಕೊಲ್ಲಿ.

ಕೊಲ್ಲಿಯಲ್ಲೇ ಮರಳು ಸೇರುವುದೇಕೆ? ಆಳವಿಲ್ಲದ ನೀರಿನಲ್ಲಿ ಅಲೆಯ ವೇಗ ನೀರಿನ ಆಳವನ್ನು ಅವಲಂಬಿಸಿದೆ. 4 ಮೀಟರ್ ಆಳದಲ್ಲಿ ಸೆಕೆಂಡಿಗೆ ಸುಮಾರು 6.3 ಮೀಟರ್ ಸಾಗುವ ಅಲೆ, 1 ಮೀಟರ್ ಆಳಕ್ಕೆ ಬಂದಾಗ 3.1 ಮೀಟರಿಗೆ ಇಳಿಯುತ್ತದೆ. ಆಳ ಕಾಲುಭಾಗವಾದರೆ ವೇಗ ಅರ್ಧ. ಭೂಶಿರದ ಮುಂದೆ ನೀರು ಮೊದಲೇ ತೆಳುವಾಗುವುದರಿಂದ ಅಲೆಯ ಆ ಭಾಗ ಮೊದಲು ನಿಧಾನವಾಗುತ್ತದೆ. ಪಿ.ಟಿ. ಸಾಲಿನಲ್ಲಿ ಒಂದು ಬದಿಯವರು ಹೆಜ್ಜೆ ಕಿರಿದು ಮಾಡಿದರೆ ಇಡೀ ಸಾಲು ಆ ಕಡೆಗೆ ತಿರುಗುವುದಿಲ್ಲವೇ? ಹಾಗೆಯೇ ಅಲೆಯೂ ಭೂಶಿರದತ್ತ ಬಾಗುತ್ತದೆ. ಗಾಜಿನೊಳಗೆ ಬೆಳಕು ಬಾಗುವುದೂ ಹೀಗೆ ವೇಗ ಬದಲಾಗುವುದರಿಂದಲೇ. ಪರಿಣಾಮ: ಅಲೆಯ ಶಕ್ತಿ ಬಂಡೆಯ ಮೇಲೆ ಕೇಂದ್ರೀಕರಿಸುತ್ತದೆ, ಕೊಲ್ಲಿಯೊಳಗೆ ಹರಡಿ ತೆಳುವಾಗುತ್ತದೆ. ಹೊತ್ತು ತಂದ ಮರಳನ್ನು ಅದು ಅಲ್ಲಿ ಇಳಿಸುತ್ತದೆ. ಕೊಲ್ಲಿ ಶಾಂತವಾಗಿ ಕಾಣುವುದೂ ಇದರಿಂದಲೇ.

ಸುಳಿಯಲ್ಲ, ಸೆಳೆತ

ಆದರೆ ಆ ಶಾಂತ ರೂಪವನ್ನು ಪೂರ್ತಿ ನಂಬುವಂತಿಲ್ಲ. ಅಲೆಗಳು ದಡಕ್ಕೆ ನೂಕಿದ ನೀರು ಮತ್ತೆ ಸಮುದ್ರಕ್ಕೆ ಮರಳಲೇಬೇಕು. ಮರಳಿನ ದಿಬ್ಬಗಳ ನಡುವೆ ತಗ್ಗು ಸಿಕ್ಕಿದರೆ, ಅಥವಾ ಬಂಡೆಯ ಪಕ್ಕದಲ್ಲಿ ದಾರಿ ಸಿಕ್ಕಿದರೆ, ಅದು ಅಲ್ಲಿ ಒಟ್ಟುಗೂಡಿ ಕಾಲುವೆಯಂತೆ ಹೊರಗೆ ಹರಿಯುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ರಿಪ್ ಕರೆಂಟ್ ಎಂದು ಹೆಸರು. ನಾವು ಸೆಳೆತ ಎನ್ನೋಣ. 'ಸುಳಿಗೆ ಸಿಕ್ಕಿ ಸತ್ತರು' ಎಂದು ಸುದ್ದಿಯಲ್ಲಿ ಓದುವ ಎಷ್ಟೋ ಪ್ರಕರಣಗಳಲ್ಲಿ ಸುಳಿ ಇರುವುದಿಲ್ಲ. ಸೆಳೆತ ಯಾರನ್ನೂ ತಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಗಾಬರಿ ಮತ್ತು ದಣಿವು ಮುಳುಗಿಸುತ್ತವೆ.

ಸೆಳೆತ ಬಲವಾಗಿದ್ದಾಗ ಅದರ ವೇಗ ಸೆಕೆಂಡಿಗೆ 2 ಮೀಟರ್ ಮುಟ್ಟಬಹುದು. 100 ಮೀಟರನ್ನು 47 ಸೆಕೆಂಡಿನಲ್ಲಿ ಈಜುವ ಒಲಿಂಪಿಕ್ ಪಟುವಿನ ವೇಗವೂ ಸುಮಾರು ಅಷ್ಟೇ! ಅದರ ಅರ್ಧ ವೇಗವಿದ್ದರೂ ಒಂದು ನಿಮಿಷದಲ್ಲಿ ನೀವು 60 ಮೀಟರ್ ಆಚೆ ಇರುತ್ತೀರಿ.

ಇದನ್ನು ಗುರುತಿಸುವುದು ಹೇಗೆ? ಇಲ್ಲೇ ಪ್ರಕೃತಿಯ ಒಂದು ವಿಪರ್ಯಾಸವಿದೆ. ಸೆಳೆತ ಇರುವಲ್ಲಿ ನೀರು ಆಳವಾಗಿರುವುದರಿಂದ ಅಲೆ ಒಡೆಯುವುದು ಕಡಿಮೆ. ಎರಡು ಬದಿಗೆ ಬಿಳಿ ನೊರೆ, ನಡುವೆ ನೊರೆಯಿಲ್ಲದ ಕಡುಬಣ್ಣದ ಪಟ್ಟಿ. ಈಜು ಬಾರದವನ ಕಣ್ಣಿಗೆ ಅದೇ ಎಲ್ಲಕ್ಕಿಂತ ಪ್ರಶಾಂತ ಜಾಗ. ಅವನು ಅಲ್ಲೇ ಇಳಿಯುತ್ತಾನೆ.

ತೆಂಗಿನ ಸಿಪ್ಪೆಯ ಪಾಠ

ಆದ್ದರಿಂದ ನನ್ನ ವಿದ್ಯಾರ್ಥಿಗಳಿಗೆ ಹಾಕಿರುವ ನಿಯಮ ಒಂದು: ತೀರ ತಲುಪಿದ ಮೇಲೆ ಹದಿನೈದು ನಿಮಿಷ ಯಾರೂ ನೀರು ಮುಟ್ಟುವಂತಿಲ್ಲ. ಕೈಗಡಿಯಾರ ಹಿಡಿದು ಎತ್ತರದಲ್ಲಿ ಕೂರಬೇಕು. ಅಲೆಗಳು ಒಂದೇ ಗಾತ್ರದಲ್ಲಿ ಬರುವುದಿಲ್ಲ. ಹತ್ತಾರು ಸಣ್ಣವಾದ ಮೇಲೆ ನಾಲ್ಕಾರು ದೊಡ್ಡವು ಒಟ್ಟಿಗೆ ಬರುತ್ತವೆ. ಎರಡು ನಿಮಿಷ ನೋಡಿದವನಿಗೆ ಆ ದೊಡ್ಡ ಅಲೆ ಕಾಣದೇ ಹೋಗಬಹುದು. ಬಂಡೆಯ ತುದಿಯಲ್ಲಿ ಫೋಟೋ ತೆಗೆಸಿಕೊಳ್ಳುವವರನ್ನು ಎಳೆದೊಯ್ಯುವುದು ಅದೇ.

ಬಳಿಕ ಒಂದು ಪ್ರಯೋಗ. ಒಣ ತೆಂಗಿನ ಸಿಪ್ಪೆಯ ಚೂರುಗಳನ್ನು ದಡದಲ್ಲೇ ನಿಂತು ಬೇರೆ ಬೇರೆ ಕಡೆ ನೀರಿಗೆ ಎಸೆಯಿರಿ. ದಡಕ್ಕೆ ಮರಳಿದ್ದು ಯಾವುದು, ಅಡ್ಡಕ್ಕೆ ಸರಿದದ್ದು ಯಾವುದು, ನೇರ ಹೊರಗೆ ಹೋದದ್ದು ಯಾವುದು, ಬರೆದುಕೊಳ್ಳಿ. ನಮ್ಮ ಹುಡುಗರು ಎಸೆದ ಚೂರುಗಳಲ್ಲಿ ಬಂಡೆಯ ಪಕ್ಕದ್ದು ನೋಡುನೋಡುತ್ತಲೇ ಕೊಲ್ಲಿಯ ಬಾಯಿಗೆ ಹೋಯಿತು. ಆಮೇಲೆ ಆ ಕಡೆ ಹೋಗಬೇಡಿ ಎಂದು ನಾನು ಗದರಬೇಕಾಗಿ ಬರಲಿಲ್ಲ.

ಪಂಚಾಂಗವೂ ಬೇಕು

ಹೊರಡುವ ಮುನ್ನ ತಿಥಿ ನೋಡಿ. ಮುಹೂರ್ತಕ್ಕಲ್ಲ, ಉಬ್ಬರವಿಳಿತಕ್ಕೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಕೂಡಿಕೊಂಡು ಉಬ್ಬರ ಹೆಚ್ಚು. ಅಷ್ಟಮಿಯ ಹೊತ್ತಿಗೆ ಕಡಿಮೆ. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಆದ್ದರಿಂದ ಇಂದಿನ ಉಬ್ಬರ ನಾಳೆ ಸುಮಾರು 50 ನಿಮಿಷ ತಡ. ಇಳಿತದಲ್ಲಿ ಬಂಡೆಗಳ ಮೇಲೆ ಹಾರಿಕೊಂಡು ಹೋದ ದಾರಿ ಆರು ಗಂಟೆಯ ಬಳಿಕ ನೀರಿನಡಿ ಇರಬಹುದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೊಲ್ಲಿಗಳ ಆಸೆ ಬೇಡ. ಮಳೆಗಾಲದ ಅಲೆಗಳು ತೀರದ ಮರಳನ್ನೇ ಕೊಚ್ಚಿ ಒಯ್ಯುತ್ತವೆ. ಗುಡ್ಡದ ದಾರಿಯೂ ಜಾರುತ್ತದೆ. ಕಡಲನ್ನೇ ನಂಬಿ ಬದುಕುವ ಮೀನುಗಾರರ ಯಾಂತ್ರಿಕ ದೋಣಿಗಳೂ ಜೂನ್, ಜುಲೈಗಳಲ್ಲಿ ದಡದಲ್ಲಿರುತ್ತವೆ. ಉಳಿದ ದಿನಗಳಲ್ಲೂ ಸ್ಥಳದ ಮೀನುಗಾರರನ್ನು ಒಂದು ಮಾತು ಕೇಳಿ. ಅವರು ಬೇಡವೆಂದರೆ ಬೇಡ.

ಸಿಕ್ಕಿಕೊಂಡರೆ

ಮಕ್ಕಳಿಗೆ ಬಾಯಿಪಾಠ ಮಾಡಿಸಬೇಕಾದ ಮಾತುಗಳಿವು. ಸೆಳೆತದ ವಿರುದ್ಧ ದಡದತ್ತ ಈಜಬೇಡಿ. ಅಂಗಾತ ತೇಲಿ, ಕೈ ಎತ್ತಿ ಕೂಗಿ. ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ, ಬಂಡೆಯಿಂದ ದೂರವಾಗಿ, ನೊರೆ ಇರುವತ್ತ ಈಜಿ. ಸೆಳೆತದ ಅಗಲ ಸಾಮಾನ್ಯವಾಗಿ ಕೆಲವು ಹತ್ತು ಮೀಟರುಗಳಷ್ಟೇ.

ದಡದಲ್ಲಿರುವವರು ನೀರಿಗೆ ಹಾರಬೇಡಿ. ಒಬ್ಬರನ್ನು ಉಳಿಸಲು ಹೋಗಿ ಮೂವರು ಮುಳುಗಿದ ಸುದ್ದಿ ನಮಗೆ ಹೊಸದಲ್ಲ. ಬಿಗಿಯಾಗಿ ಮುಚ್ಚಿದ 5 ಲೀಟರಿನ ಖಾಲಿ ಕ್ಯಾನಿಗೆ ಉದ್ದ ಹಗ್ಗ ಕಟ್ಟಿ ಜೊತೆಗೆ ಒಯ್ಯಿರಿ. ಆರ್ಕಿಮಿಡೀಸನ ನಿಯಮದಂತೆ ಅದು ಸುಮಾರು 5 ಕಿಲೋ ಭಾರವನ್ನು ಎತ್ತಿ ಹಿಡಿಯುತ್ತದೆ. ನೀರಿನಲ್ಲಿರುವವನ ತಲೆ ಮೇಲಿರಲು ಅಷ್ಟು ಆಸರೆ ಬಹುಮಟ್ಟಿಗೆ ಸಾಕು. ಕ್ಯಾನನ್ನು ಎಸೆಯಿರಿ, 112ಕ್ಕೆ ಕರೆ ಮಾಡಿ, ಹತ್ತಿರದ ದೋಣಿಯವರನ್ನು ಕೂಗಿ.

ಹಾಫ್ ಮೂನ್‌ನಲ್ಲಿ ಸೊಂಟದವರೆಗೆ ನೀರಿಗಿಳಿಯದೆಯೂ ದಿನ ಕಳೆಯಬಹುದು. ಮರಳಿನಲ್ಲಿ ಬಿಲ ತೋಡುವ ಏಡಿ, ಬಂಡೆಗೆ ಅಂಟಿದ ಚಿಪ್ಪುಜೀವಿ, ಇಳಿತದಲ್ಲಿ ಕಲ್ಲಿನ ಕುಳಿಯೊಳಗೆ ಉಳಿದ ಪುಟ್ಟ ಮೀನು, ಎಲ್ಲವೂ ಮೊಣಕಾಲಿಗಿಂತ ಕೆಳಗೇ ಸಿಗುತ್ತವೆ. ಒಂದು ನೋಟ್‌ಪುಸ್ತಕ, ಒಂದು ಭೂತಗನ್ನಡಿ, ಕುಡಿಯುವ ನೀರು, ಕಸ ತುಂಬಿ ವಾಪಸು ತರಲು ಒಂದು ಚೀಲ: ಇಷ್ಟಿದ್ದರೆ ಸಾಕು. ಸಂಜೆ ಬೆಳಕಿರುವಾಗಲೇ ಗುಡ್ಡ ಹತ್ತಿ. ಹತ್ತುವ ಮೊದಲು ತಲೆ ಎಣಿಸುವುದನ್ನು ಮಾತ್ರ ಮರೆಯಬೇಡಿ.