ಬೋರಲು ಬಿತ್ತು, ಹೊಸ್ತಿಲು ದಾಟಿತು!

ಎಳೆಗೂಸಿರುವ ಮನೆಯಲ್ಲಿ ಸುದ್ದಿಗೆ ಬರವಿಲ್ಲ. ಪೇಪರಿನಲ್ಲಿ ಬಾರದ, ರೇಡಿಯೋದಲ್ಲಿ ಹೇಳದ ಸುದ್ದಿಗಳು ಅವು. ಕೂಸು ನಕ್ಕಿತು. ಕೂಸಿನ ಕತ್ತು ನಿಂತಿತು. ಕೂಸು ಬೋರಲು ಬಿತ್ತು. ಒಂದೊಂದು ಸುದ್ದಿಯೂ ಅಡುಗೆಮನೆಯಿಂದ ಜಗಲಿಗೆ, ಜಗಲಿಯಿಂದ ಬೀದಿಗೆ, ಅಲ್ಲಿಂದ ತವರುಮನೆಯ ಫೋನಿಗೆ ಹೋಗಿ ಮುಟ್ಟುವಷ್ಟರಲ್ಲಿ ಕೂಸು ಇನ್ನೊಂದು ಸುದ್ದಿ ತಯಾರು ಮಾಡಿಟ್ಟಿರುತ್ತದೆ. ಲೋಕದ ಕಣ್ಣಿಗೆ ಇವು ಯಾವ ಲೆಕ್ಕಕ್ಕೂ ಬಾರವು. ಮಕ್ಕಳೆಂದ ಮೇಲೆ ನಗುತ್ತವೆ, ಹೊರಳುತ್ತವೆ, ನಡೆಯುತ್ತವೆ. ಹೆತ್ತವರಿಗೆ ಮಾತ್ರ ತಮ್ಮ ಕೂಸಿಗಿಂತ ಮೊದಲು ಭೂಮಿಯ ಮೇಲೆ ಯಾರೂ ಹೊರಳಿಯೇ ಇಲ್ಲವೇನೋ ಎಂಬಷ್ಟು ಸಂಭ್ರಮ.

ಈ ಸಂಭ್ರಮವನ್ನು ಕಂಡು ನಗುವವರಿದ್ದಾರೆ. ನಗಲಿ. ಒಂದು ಮಗುವನ್ನು ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು, ಬೇಸರವಿಲ್ಲದೆ ನೋಡುತ್ತ ಕೂರುವ ವ್ಯವಧಾನ ಯಾವ ದೊಡ್ಡ ಡಾಕ್ಟರಿಗೂ ಇರುವುದಿಲ್ಲ. ಅದು ಇರುವುದು ಮನೆಯವರಿಗೆ ಮಾತ್ರ. ಆ ನೋಟ ಎಷ್ಟು ಬೆಲೆಯುಳ್ಳದ್ದು ಎಂಬುದನ್ನು ಮುಂದೆ ಹೇಳುತ್ತೇನೆ.

ನಮ್ಮೂರು ತೆರಕಣಾಂಬಿ. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ರಸ್ತೆಯಲ್ಲಿದೆ. ವಿಜಯನಗರದರಸರ ಕಾಲದಲ್ಲಿ ಒಂದು ಸೀಮೆಯ ಮುಖ್ಯ ಊರಾಗಿತ್ತು. ಈಗ ಅರಿಶಿನ, ತರಕಾರಿ, ಚೆಂಡುಹೂ ಬೆಳೆಯುವ ಹೋಬಳಿ ಊರು. ಇಲ್ಲಿನ ಅಜ್ಜಿಯರು ಕೂಸಿನ ವಯಸ್ಸನ್ನು ತಿಂಗಳಲ್ಲಿ ಹೇಳುವುದು ಕಡಿಮೆ, ಬೆಳೆಯಲ್ಲಿ, ಹಬ್ಬದಲ್ಲಿ ಹೇಳುವುದೇ ಹೆಚ್ಚು. ನನ್ನ ತಾಯಿಯ ಲೆಕ್ಕದ ಪ್ರಕಾರ ನಮ್ಮ ಮಗ ಹುಟ್ಟಿದ್ದು ಅರಿಶಿನ ನಾಟಿ ಮಾಡಿದಾಗ. ಸೂರ್ಯಕಾಂತಿ ಹೂ ಬಿಟ್ಟಾಗ ಮುಖ ನೋಡಿ ನಕ್ಕ. ಆಯುಧಪೂಜೆಗೆ ಮುಂಚೆ ಬೋರಲು ಬಿದ್ದ. ಸಂಕ್ರಾಂತಿಯ ದಿನ ಎಲಚಿಹಣ್ಣು, ಕಬ್ಬಿನ ಚೂರು, ಕಾಸು ಸೇರಿಸಿ ತಲೆಯ ಮೇಲೆ ಎರೆದಾಗ ಯಾರ ಆಸರೆಯೂ ಇಲ್ಲದೆ ಮಣೆಯ ಮೇಲೆ ಕೂತಿದ್ದ. ಎರೆದ ಹಣ್ಣಿಗೇ ಕೈ ಹಾಕಿ ಬಾಯಿಗೆ ಒಯ್ದ. ಅರಿಶಿನ ಕಿತ್ತು ಬೇಯಿಸುವ ಹೊತ್ತಿಗೆ ಅಂಗಳದ ತುಂಬ ಓಡಾಟ. ಯುಗಾದಿಗೆ ಮಂಚದ ಕಾಲು ಹಿಡಿದು ನಿಂತ. ತಾರೀಖು ಒಂದೂ ಇಲ್ಲ, ಆದರೆ ಲೆಕ್ಕ ತಪ್ಪಿಲ್ಲ.

ತಾರೀಖು ಬರೆದಿಟ್ಟವಳು ಏಳನೇ ತರಗತಿಯಲ್ಲಿರುವ ನಮ್ಮ ದೊಡ್ಡ ಮಗಳು, ವಿಜ್ಞಾನದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ. ‘ಇವತ್ತು ನನ್ನ ಜಡೆ ಹಿಡಿದ. ಬಿಡಲಿಲ್ಲ’ ಎಂದು ಒಂದು ಕಡೆ. ‘ಚಮಚ ಬೀಳಿಸಿದ. ಎತ್ತಿಕೊಟ್ಟೆ. ಮತ್ತೆ ಬೀಳಿಸಿದ. ಹನ್ನೊಂದು ಸಲ’ ಎಂದು ಇನ್ನೊಂದು ಕಡೆ. ಚಮಚ ಬೀಳಿಸುವುದು ತುಂಟತನವಲ್ಲ, ಪ್ರಯೋಗ. ಕೈ ಬಿಟ್ಟರೆ ಪ್ರತಿಸಲವೂ ಕೆಳಗೇ ಹೋಗುತ್ತದೆಯೇ, ಅಕ್ಕ ಪ್ರತಿಸಲವೂ ಎತ್ತಿಕೊಡುತ್ತಾಳೆಯೇ ಎಂಬ ಎರಡು ಪ್ರಶ್ನೆಗಳಿಗೆ ಅವನು ಒಟ್ಟಿಗೇ ಉತ್ತರ ಹುಡುಕುತ್ತಿರುತ್ತಾನೆ.

ಹೀಗೆ ಬರೆದಿಡುವುದು ಹುಡುಗಾಟವೆಂದು ಯಾರಾದರೂ ಅಂದರೆ, ವಿದ್ಯಾರ್ಥಿಗಳೇ, ಚಾರ್ಲ್ಸ್ ಡಾರ್ವಿನ್ನನ ಹೆಸರು ಹೇಳಿ. ಅವನ ಮೊದಲ ಮಗ ವಿಲಿಯಂ ಹುಟ್ಟಿದ್ದು 1839ರ ಡಿಸೆಂಬರಿನಲ್ಲಿ. ಜೀವಿಗಳ ವಿಕಾಸದ ಬಗ್ಗೆ ತಲೆ ಕೆಡಿಸಿಕೊಂಡಿದ್ದ ಆ ಮನುಷ್ಯ ತೊಟ್ಟಿಲ ಪಕ್ಕದಲ್ಲಿ ದಿನಚರಿ ಹಿಡಿದು ಕೂತಿದ್ದ. ಮೂವತ್ತೇಳು ವರ್ಷಗಳ ಬಳಿಕ, 1877ರಲ್ಲಿ, ಅದನ್ನು ತೆಗೆದು ‘ಮೈಂಡ್’ ಎಂಬ ಪತ್ರಿಕೆಗೆ ಲೇಖನ ಬರೆದ. ಕೂಸು ನಿಜವಾದ ಸಂತೋಷದಿಂದ ನಕ್ಕದ್ದು 45ನೆಯ ದಿನ, ಇನ್ನೊಂದು ಕೂಸು 46ನೆಯ ದಿನ ಎಂದು ಅದರಲ್ಲಿದೆ. ನಿದ್ದೆಯಲ್ಲಿ ತುಟಿ ಅರಳುವುದು ಬೇರೆ, ನಮ್ಮ ಮುಖ ಕಂಡು ನಗುವುದು ಬೇರೆ. ಇಂದಿನ ಮಕ್ಕಳ ಡಾಕ್ಟರುಗಳೂ ಈ ಎರಡನೆಯ ನಗೆಗೆ ಹೆಚ್ಚು ಕಡಿಮೆ ಆರು ವಾರವೆಂದೇ ಹೇಳುತ್ತಾರೆ.

ಆ ಲೇಖನದಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಇನ್ನೊಂದಿದೆ. ಸರಿಯಾಗಿ ಒಂದು ವರ್ಷ ತುಂಬಿದಾಗ ಡಾರ್ವಿನ್ನನ ಮಗ ಊಟಕ್ಕೆ ತಾನೇ ಒಂದು ಹೆಸರಿಟ್ಟನಂತೆ: ‘ಮಮ್’. ನಮ್ಮ ಅಜ್ಜಿಯರು ಮಮ್ಮು ತಿನ್ನು ಎಂದು ಕೂಸಿಗೆ ಅನ್ನ ಕಲಸಿ ಕೊಡುವುದಿಲ್ಲವೇ? ಇಂಗ್ಲೆಂಡಿನ ಆ ಕೂಸಿಗೆ ತೆರಕಣಾಂಬಿಯಿಂದ ಯಾರೋ ಹೋಗಿ ಹೇಳಿಕೊಟ್ಟಂತಿದೆ. ಗುಟ್ಟು ಇಷ್ಟೇ: ಹಲ್ಲಿಲ್ಲದ ಬಾಯಿಗೆ ಸುಲಭವಾದದ್ದು ತುಟಿ ಮುಚ್ಚಿ ತೆರೆಯುವ ಸದ್ದು. ಮ, ಬ, ಪ. ಅಮ್ಮ, ಅಪ್ಪ, ಬುವ್ವ ಎಲ್ಲವೂ ಆ ದಾರಿಯಲ್ಲೇ ಬಂದವು. ಆರೇಳು ತಿಂಗಳಿಗೆ ‘ಪಪಪ’ ಎಂದ ಕೂಸು ತನ್ನನ್ನೇ ಕರೆಯಿತೆಂದು ಉಬ್ಬಿದ ಅಪ್ಪಂದಿರಲ್ಲಿ ನಾನೂ ಒಬ್ಬ. ಅದು ಕರೆದದ್ದಲ್ಲ, ತುಟಿಯ ಆಟ ಎಂದು ಪುಸ್ತಕ ಹೇಳುತ್ತದೆ. ಪುಸ್ತಕ ಹೇಳಿಕೊಳ್ಳಲಿ.

ಬಾಯಿಗಿಂತ ಮೊದಲು ಪಾಠ ಕಲಿಯುವುದು ಕಿವಿ. 1984ರಲ್ಲಿ ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ವಿಜ್ಞಾನಿಗಳು ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ ತ ಮತ್ತು ಟ ಕೇಳಿಸಿ ನೋಡಿದರು. ಇಂಗ್ಲಿಷಿನಲ್ಲಿ ಈ ಭೇದವಿಲ್ಲ; ದೊಡ್ಡವರಾದ ಇಂಗ್ಲಿಷರಿಗೆ ಎರಡೂ ಒಂದೇ ಸದ್ದು. ಆದರೆ ಆರರಿಂದ ಎಂಟು ತಿಂಗಳ ಕೂಸುಗಳು ವ್ಯತ್ಯಾಸವನ್ನು ಥಟ್ಟನೆ ಗುರುತಿಸಿದವು. ವರ್ಷ ತುಂಬುವ ಹೊತ್ತಿಗೆ, ಮನೆಯಲ್ಲಿ ಕೇಳದ ಆ ಭೇದವನ್ನು ಬಹುಪಾಲು ಕೂಸುಗಳು ಬಿಟ್ಟುಕೊಟ್ಟಿದ್ದವು. ನಮ್ಮ ಕೂಸಿನ ಕಿವಿಯಲ್ಲಿ ತ, ಟ ಎರಡೂ ಉಳಿಯುವುದು ಅಜ್ಜಿ ದಿನವಿಡೀ ತಾತನ ಸುದ್ದಿಯನ್ನೂ ತಟ್ಟೆಯ ಸುದ್ದಿಯನ್ನೂ ಹೇಳುತ್ತಿರುವುದರಿಂದ. ಊಟಿಗೂ ಕೇರಳಕ್ಕೂ ದಾರಿ ಒಡೆಯುವ ಸೀಮೆ ನಮ್ಮದು. ಸಂತೆಯಲ್ಲಿ ತಮಿಳು, ಮಲಯಾಳ ಕೇಳಿದ ಕೂಸು ಕಣ್ಣರಳಿಸಿ ಕತ್ತು ತಿರುಗಿಸುತ್ತದೆ. ಮಾತು ಬಾರದ ಕೂಸಿನೊಡನೆ ಏನು ಮಾತು ಎನ್ನುವವರು ಇದನ್ನು ಗಮನಿಸಬೇಕು.

ಇನ್ನು ಅಂಬೆಗಾಲು. ನಮ್ಮವನು ಅಂಬೆಗಾಲಿಡಲೇ ಇಲ್ಲ! ಕೂತಂತೆಯೇ ಎರಡೂ ಕೈ ನೆಲಕ್ಕೆ ಊರಿ ಸರ್ರನೆ ಜಾರುತ್ತಿದ್ದ. ನಡುಮನೆಯ ಹೊಸ್ತಿಲು ದಾಟಿದ್ದೂ ಹಾಗೆಯೇ, ಕೂತುಕೊಂಡೇ. ಹೊಸ್ತಿಲಿಗೆ ಅರಿಶಿನ ಕುಂಕುಮವಿಟ್ಟು ಕೊಬ್ಬರಿ ಸಕ್ಕರೆ ಹಂಚಿದ್ದಾಯಿತು. ಅಷ್ಟರಲ್ಲಿ ಎದುರುಮನೆಯ ಹೆಣ್ಣುಕೂಸು ಹತ್ತೇ ತಿಂಗಳಿಗೆ ನಡೆಯಿತು. ನಮ್ಮ ಮನೆಯ ಸಂಭ್ರಮಕ್ಕೆ ಆ ದಿನ ಕಲ್ಲು ಬಿತ್ತು. ಬಂದವರೆಲ್ಲ ‘ಇನ್ನೂ ನಡೆಯಲಿಲ್ಲವೇ?’ ಎಂದು ಕೇಳುವರು. ನನ್ನ ಹೆಂಡತಿ ರಾತ್ರಿ ಕೂಸಿನ ಕಾಲನ್ನು ಮುಟ್ಟಿ ಮುಟ್ಟಿ ನೋಡುವಳು. ಕಡೆಗೆ ನನ್ನ ತಾಯಿ ಗದರಿಸಿದರು: ‘ಅವರ ಮರದ ಹಣ್ಣ ಕಂಡು ನಮ್ಮ ಮರ ಅಲ್ಲಾಡ್ಸುದ್ರ ಹಣ್ಣಾಯ್ತದ? ಸುಮ್ನಿರು ಕಣವ್ವ, ಅದು ಅದರ ಹೊತ್ತಿಗೆ ನಡೀತದ.’

ಅಜ್ಜಿಯ ಮಾತಿಗೆ ಅಂಕಿ ಅಂಶಗಳ ಬೆಂಬಲವಿದೆ. ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಒಮಾನ್, ಅಮೆರಿಕ ಈ ಐದು ದೇಶಗಳ 816 ಆರೋಗ್ಯವಂತ ಮಕ್ಕಳನ್ನು ತಿಂಗಳು ತಿಂಗಳು ನೋಡಿ 2006ರಲ್ಲಿ ಫಲಿತಾಂಶ ಪ್ರಕಟಿಸಿತು. ಆಸರೆಯಿಲ್ಲದೆ ಕೂರುವುದು 3.8ರಿಂದ 9.2 ತಿಂಗಳೊಳಗೆ. ತಾನಾಗಿ ನಡೆಯುವುದು 8.2ರಿಂದ 17.6 ತಿಂಗಳೊಳಗೆ. ಎಂಟು ತಿಂಗಳಿಗೆ ನಡೆದದ್ದೂ ಸರಿ, ಹದಿನೇಳಕ್ಕೆ ನಡೆದದ್ದೂ ಸರಿ! ನಡುವೆ ಒಂಬತ್ತು ತಿಂಗಳ ಅಂತರ, ಒಂದು ಅರಿಶಿನದ ಬೆಳೆಯಷ್ಟು. ಅವರಲ್ಲಿ ಶೇಕಡ 4.3 ಮಕ್ಕಳು ಕೈಮಂಡಿಯ ಮೇಲೆ ಅಂಬೆಗಾಲಿಡಲೇ ಇಲ್ಲ, ಅವರೂ ನಡೆದರು. ಬೇಗ ನಡೆದ ಮಗು ಶಾಲೆಯಲ್ಲೂ ಮುಂದೆ ಎನ್ನುವುದಕ್ಕೆ ಆಧಾರವಿಲ್ಲ. ಎಸ್ಸೆಸ್ಸೆಲ್ಸಿಗೆ ಇನ್ನೂ ಹದಿನೈದು ವರ್ಷವಿದೆ; ಪೈಪೋಟಿಯನ್ನು ಅಲ್ಲಿಯವರೆಗಾದರೂ ಮುಂದೂಡಬಹುದು. ನಮ್ಮವನು ಹದಿನೈದನೆಯ ತಿಂಗಳಲ್ಲಿ ನಡೆದ.

ಅವಸರ ಪಟ್ಟು ವಾಕರು ತರುವವರಿದ್ದಾರೆ. ಕೂಸನ್ನು ಅದರೊಳಗೆ ಕೂರಿಸಿದರೆ ನಡಿಗೆ ಬೇಗ ಬರುವುದಿಲ್ಲ. ಮೆಟ್ಟಿಲು, ಒಲೆಯ ಕಡೆ ಮಾತ್ರ ಬೇಗ ಹೋಗುತ್ತದೆ. ಕೆನಡಾ ದೇಶ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ಕೂಸಿಗೆ ಬೇಕಾದದ್ದು ಗುಡಿಸಿದ ನೆಲ, ಹಾಸಿದ ಚಾಪೆ. ಇನ್ನೂ ತೆವಳದ ಕೂಸನ್ನು ಎಚ್ಚರವಿದ್ದಾಗ, ನಾವು ಎದುರಿಗೆ ಕೂತು, ದಿನಕ್ಕೆ ಒಟ್ಟು ಅರ್ಧ ಗಂಟೆಯಾದರೂ ಬೋರಲು ಮಲಗಿಸಿ ಆಡಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಅಜ್ಜಿ ಕಾಲು ಚಾಚಿ ಕೂತು, ಕೂಸನ್ನು ಬೋರಲು ಹಾಕಿಕೊಂಡು ನೀರು ಹುಯ್ಯುವಾಗ ಅದು ಕತ್ತೆತ್ತಿ ಕಿರುಚುವುದೂ ಇದೇ ವ್ಯಾಯಾಮವೇ. ನಿದ್ದೆಗೆ ಮಾತ್ರ ಅಂಗಾತವೇ ಮಲಗಿಸಬೇಕು. ಅದೇ ಸಲಹೆಯಲ್ಲಿ ವರ್ಷದೊಳಗಿನ ಕೂಸಿಗೆ ಟೀವಿ, ಮೊಬೈಲು ಬೇಡವೇ ಬೇಡ ಎಂದೂ ಇದೆ. ಊಟ ಮಾಡಿಸಲು ಮೊಬೈಲು ಹಿಡಿಯುವ ತಾಯಂದಿರು ಕೋಪಿಸಿಕೊಳ್ಳಬಾರದು, ಕಾಗೆ ಗುಬ್ಬಿ ಇನ್ನೂ ಪುಕ್ಕಟೆಯಾಗಿಯೇ ಸಿಗುತ್ತವೆ.

ಅದರ ಹೊತ್ತಿಗೆ ಅದು ಆಗುತ್ತದೆ ಎಂಬ ಮಾತಿಗೂ ಒಂದು ಗಡಿ ಉಂಟು. ನಮ್ಮ ಸಂಬಂಧಿಕರ ಮನೆಯಲ್ಲಿ ಐದು ತಿಂಗಳ ಕೂಸೊಂದಿತ್ತು. ನಗುಮುಖ, ಗೂಗುಟ್ಟುತ್ತ ಆಡುತ್ತಿತ್ತು. ದೀಪಾವಳಿಯ ಸಂಜೆ ಬಾಗಿಲಲ್ಲೇ ಪಟಾಕಿ ಸಿಡಿದರೂ ಅದು ಬೆಚ್ಚಲಿಲ್ಲ. ‘ಧೈರ್ಯದ ಕೂಸು’ ಎಂದು ಹಿರಿಯರು ಮೆಚ್ಚಿಕೊಂಡರು. ನಾಲ್ಕನೇ ತರಗತಿಯ ಅದರ ಅಣ್ಣನಿಗೆ ಮಾತ್ರ ಅನುಮಾನ. ಮರುದಿನ ತೊಟ್ಟಿಲ ಹಿಂದೆ, ಕೂಸಿಗೆ ಕಾಣದಂತೆ ನಿಂತು ತಟ್ಟೆ ಬಡಿದ, ಕೂಸು ತಿರುಗಲಿಲ್ಲ. ಮುಂದೆ ಬಂದು ಬರಿಗೈ ಆಡಿಸಿದ, ಕಿಲಕಿಲ ನಕ್ಕಿತು. ಅವ್ವನ ಸೆರಗು ಹಿಡಿದು ಹೇಳಿದ, ಅವಳು ನಂಬುವವರೆಗೂ ಬಿಡಲಿಲ್ಲ. 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ದರು. ಕಿವಿ ಕೇಳದ ಕೂಸೂ ಮೊದಲ ತಿಂಗಳುಗಳಲ್ಲಿ ಎಲ್ಲರಂತೆಯೇ ಗೂಗುಟ್ಟುವುದರಿಂದ ಎಷ್ಟೋ ಮನೆಗಳಲ್ಲಿ ಇದು ತಿಳಿಯುವುದು ಎರಡು, ಮೂರು ವರ್ಷಕ್ಕೆ, ಮಾತು ಬಾರದಾಗ. ಆರು ತಿಂಗಳೊಳಗೆ ಗೊತ್ತಾಗಿ ನೆರವು ಸಿಕ್ಕರೆ ಮಾತು ಕಲಿಯುವುದರಲ್ಲಿ ಆಗುವ ವ್ಯತ್ಯಾಸ ದೊಡ್ಡದು. ಆ ಕೂಸು ಈಗ ಕಿವಿಗೆ ಯಂತ್ರ ಹಾಕಿಕೊಂಡು ಅಣ್ಣನೊಡನೆ ಜಗಳವಾಡುತ್ತದೆ, ಬಾಯಿ ತುಂಬ.

ಹಾಗಾದರೆ ಯಾವಾಗ ಕಾಯಬೇಕು, ಯಾವಾಗ ಬಸ್ಸು ಹತ್ತಬೇಕು? ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ಐದಕ್ಕೂ ಕತ್ತು ನಿಲ್ಲದಿದ್ದರೆ, ಒಂಬತ್ತು ತುಂಬಿದರೂ ಆಸರೆಯಿಲ್ಲದೆ ಕೂರದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ವರ್ಷವಾದರೂ ಹಿಡಿದುಕೊಂಡೂ ನಿಲ್ಲದಿದ್ದರೆ ತೋರಿಸಬೇಕು. ಸದ್ದಿಗೆ ಬೆಚ್ಚದ ಕೂಸಿನ ವಿಷಯದಲ್ಲಂತೂ ಒಂದು ದಿನವೂ ಕಾಯಬಾರದು. ಕಲಿತದ್ದನ್ನು ಮರೆತರೆ, ಅದು ಯಾವ ವಯಸ್ಸೇ ಆಗಿರಲಿ, ತಡ ಮಾಡಕೂಡದು. ವರ್ಷದೊಳಗಿನ ಕೂಸು ಒಂದೇ ಕೈ ಬಳಸಿದರೆ ‘ಎಡಚ’ ಎಂದು ನಕ್ಕು ಬಿಡುತ್ತೇವೆ. ಎಡಗೈ ಬಲಗೈ ಅಷ್ಟು ಬೇಗ ಗೊತ್ತಾಗುವುದಿಲ್ಲ. ಇನ್ನೊಂದು ಕೈಯಲ್ಲಿ ಬಲ ಸಾಲದೆಯೂ ಇರಬಹುದು. ದಿನ ತುಂಬುವ ಮೊದಲೇ ಹುಟ್ಟಿದ ಕೂಸಿಗೆ ಮಾತ್ರ ಲೆಕ್ಕ ಬೇರೆ. ಎರಡು ತಿಂಗಳು ಮೊದಲು ಹುಟ್ಟಿದ್ದರೆ ಆ ಎರಡು ತಿಂಗಳು ಕಳೆದು ವಯಸ್ಸು ಎಣಿಸಬೇಕು.

ನೆರೆಯ ಕೇರಳದಲ್ಲಿ ಡಾ. ಎಂ. ಕೆ. ಸಿ. ನಾಯರ್ ಮತ್ತು ಸಂಗಡಿಗರು 1991ರಲ್ಲಿ ಇದಕ್ಕೆ ಬಲು ಸರಳವಾದ ನಕ್ಷೆಯೊಂದನ್ನು ಕೊಟ್ಟರು. ತಿರುವನಂತಪುರದ ನಕ್ಷೆ ಎಂದೇ ಅದಕ್ಕೆ ಹೆಸರು. ಎರಡು ವರ್ಷದೊಳಗಿನ ಹದಿನೇಳು ಕೆಲಸಗಳಿಗೆ ಹದಿನೇಳು ಅಡ್ಡಪಟ್ಟಿ. ಕೂಸಿನ ವಯಸ್ಸಿನ ಜಾಗದಲ್ಲಿ ಒಂದು ಪೆನ್ಸಿಲ್ಲನ್ನು ನೆಟ್ಟಗೆ ಇಡುವುದು. ಪೆನ್ಸಿಲ್ಲಿನ ಎಡಕ್ಕೆ ಪೂರ್ತಿ ಮುಗಿದುಹೋದ ಪಟ್ಟಿಗಳ ಕೆಲಸವನ್ನೆಲ್ಲ ಕೂಸು ಮಾಡುತ್ತಿರಬೇಕು. ಅಷ್ಟೇ ಪರೀಕ್ಷೆ. ನಮ್ಮಲ್ಲಿ ಗರ್ಭಿಣಿಯರಿಗೆ ಕೊಡುವ ತಾಯಿ ಕಾರ್ಡಿನಲ್ಲೂ ಇಂಥ ಬೆಳವಣಿಗೆಯ ಚಿತ್ರಗಳಿವೆ. ಚುಚ್ಚುಮದ್ದಿನ ಪುಟ ಬಿಟ್ಟು ಬೇರೆ ಪುಟ ತೆರೆದು ನೋಡುವವರು ಕಡಿಮೆ.

ಊರಿನ ಅಂಗನವಾಡಿಯಲ್ಲೂ ಕೇಳಬಹುದು. ಕರ್ನಾಟಕದಲ್ಲಿ ಅಂಗನವಾಡಿ ಮೊದಲು ಶುರುವಾದದ್ದು 1975ರಲ್ಲಿ, ನಮಗೆ ದೂರವಲ್ಲದ ತಿ. ನರಸೀಪುರದಲ್ಲಿ. 2018ರಲ್ಲಿ ಬಂದ ಯೋಜನೆಯಂತೆ ಆಶಾ ಕಾರ್ಯಕರ್ತೆಯರು ಮೂರು, ಆರು, ಒಂಬತ್ತು, ಹನ್ನೆರಡು, ಹದಿನೈದನೆಯ ತಿಂಗಳಲ್ಲಿ ಮನೆಗೇ ಬಂದು ಕೂಸನ್ನು ನೋಡಬೇಕು. ಬಂದಾಗ ತೂಕವೆಷ್ಟು ಎಂದಷ್ಟೇ ಕೇಳಿ ಕಳಿಸದೆ ಕೂಸು ಏನೇನು ಮಾಡುತ್ತಿದೆ ಎಂಬುದನ್ನೂ ಹೇಳಬೇಕು. ಡಾಕ್ಟರ ಬಳಿ ಹೋದರೆ ಅವರು ಮೊದಲು ಕೇಳುವುದೂ ಅದನ್ನೇ: ಕತ್ತು ಯಾವಾಗ ನಿಂತಿತು, ಯಾವಾಗ ಕೂತಿತು, ಸದ್ದಿಗೆ ತಿರುಗುತ್ತದೆಯೇ? ಅಪ್ಪ ಅಮ್ಮನ ಮುಖ, ಅಮ್ಮ ಅಪ್ಪನ ಮುಖ ನೋಡುವ ಹೊತ್ತು ಅದು. ಮನೆಯಲ್ಲಿ ಶಾಲೆಗೆ ಹೋಗುವ ಅಕ್ಕನೋ ಅಣ್ಣನೋ ಇದ್ದರೆ, ಅವರ ನೋಟ್‌ಬುಕ್ಕನ್ನು ಕೇಳಿ ಪಡೆದು ಜೊತೆಗೆ ಒಯ್ಯುವುದು ಒಳ್ಳೆಯದು.